ಆರು ತಿಂಗಳ ಮಾತು

ಆಧಾರ್ ತೀರ್ಪೆಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು, ಬ್ಯಾಂಕ್ ಖಾತೆಗೂ ಮೊಬೈಲಿಗೂ ಆ ಸಂಖ್ಯೆ ಜೋಡಿಸುವ ಕಡ್ಡಾಯ ತಪ್ಪಿತೆಂಬುದು. 2018ರ ಸೆಪ್ಟೆಂಬರ್ 26ರಂದು ಸುಪ್ರೀಂ ಕೋರ್ಟು ಕೊಟ್ಟ 1,448 ಪುಟಗಳ ಆ ತೀರ್ಪಿನಲ್ಲಿ ಇನ್ನೊಂದು ಮಾತಿದೆ. ನಾವು ಯಾವಾಗ, ಯಾವ ಸಂಸ್ಥೆಯ ಮುಂದೆ ಬೆರಳೊತ್ತಿ ಗುರುತು ತೋರಿಸಿದೆವೆಂಬ ದಾಖಲೆಯನ್ನು ಐದು ವರ್ಷ ಕಾದಿಡಲು ನಿಯಮವಿತ್ತು. ನ್ಯಾಯಾಲಯ ಅದನ್ನು ಹೊಡೆದುಹಾಕಿ, ಆರು ತಿಂಗಳು ಸಾಕೆಂದಿತು. ನನ್ನ ಮಟ್ಟಿಗೆ ಇಡೀ ತೀರ್ಪಿನಲ್ಲಿ ತೂಕದ ಮಾತು ಇದೇ.

ದಾವೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು, 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ. ಖಾಸಗಿತನ ಮೂಲಭೂತ ಹಕ್ಕೇ ಅಲ್ಲವೆಂದು ಸರಕಾರ ವಾದಿಸಿತು. ಹೌದೆಂದು ಒಂಬತ್ತು ನ್ಯಾಯಮೂರ್ತಿಗಳು 2017ರಲ್ಲಿ ಒಕ್ಕೊರಲಿನಿಂದ ಹೇಳಿದರು.

ಹಿಂದೆ ಕಡತವೆಂದರೆ ಹುಣಿಸೆಬೀಜದ ಸರಿಯನ್ನೂ ಇದ್ದಿಲನ್ನೂ ಬಳಿದ ಬಟ್ಟೆ. ಬಳಪದಿಂದ ಬರೆಯುತ್ತಿದ್ದರು, ಬೇಡವಾದಾಗ ಅಳಿಸಿ ಮತ್ತೆ ಬರೆಯುತ್ತಿದ್ದರು. ಇಂದಿನ ಕಚೇರಿಯ ಕಡತಕ್ಕೆ ಹೆಸರು ಉಳಿಯಿತು, ಆ ಗುಣ ಹೋಯಿತು.

ಆದರೆ ತೀರ್ಪು ಅರ್ಧ ದಾರಿಯಲ್ಲಿ ನಿಂತಿತು. ಭಾಂಡುಪಿನ ಚಾಳುಗಳಲ್ಲಿ ಖೋಲಿ ಹಿಡಿಯುವವರನ್ನು ನೋಡಿ. ಹನ್ನೊಂದು ತಿಂಗಳ ಕರಾರು. ಪ್ರತಿ ಸಲವೂ ದಲ್ಲಾಳಿಗೆ ಆಧಾರಿನ ಝೆರಾಕ್ಸ್, ಪೋಲೀಸ್ ಠಾಣೆಗೆ ಬಾಡಿಗೆದಾರರ ವಿವರ, ಫೋಟೋ, ಊರಿನ ವಿಳಾಸ. ಖೋಲಿ ಬಿಟ್ಟು ಮುಲುಂಡಿಗೋ ಡೊಂಬಿವಲಿಗೋ ಹೋದ ಮೇಲೆ ಆ ಕಾಗದಗಳೆಲ್ಲ ಏನಾದುವೆಂದು ಕೇಳಿದವರುಂಟೆ? ನ್ಯಾಯಾಲಯದ ಮುಂದಿದ್ದುದು ಆಧಾರ್ ಮಾತ್ರ, ದಲ್ಲಾಳಿಯ ಡ್ರಾಯರಲ್ಲ ಎನ್ನಬಹುದು, ಒಪ್ಪೋಣ. ಆದರೂ ಯಾವುದೇ ದಾಖಲೆಗೆ ಕೊನೆಯ ದಿನವೊಂದು ಬೇಕೆಂಬ ತತ್ತ್ವವನ್ನು ಆ ಆರು ತಿಂಗಳಿನಿಂದಲೇ ಎತ್ತಿ ಹೇಳಬಹುದಿತ್ತು.

2008ರ ನವೆಂಬರನ್ನು ಕಂಡ ಈ ಊರಿನಲ್ಲಿ ಪೋಲೀಸರಿಗೆ ದಾಖಲೆಯೇ ಬೇಡವೆನ್ನುವ ಧೈರ್ಯ ನನಗಿಲ್ಲ. ಸಂಶಯವಿದ್ದವನ ದಾಖಲೆ ಬೇರೆ, ಊರಿಗೆ ಊರಿನದೇ ದಾಖಲೆ ಬೇರೆ. ಈ ಭೇದವನ್ನು ಮಾಡಲಿಲ್ಲವೆಂಬುದೂ ಒಂದು ಕಾರಣವಾಗಿ, ಎಲ್ಲರ ಫೋನ್ ದಾಖಲೆಯನ್ನು ಆರು ತಿಂಗಳಿಂದ ಎರಡು ವರ್ಷ ಇಡಿಸುತ್ತಿದ್ದ ಯುರೋಪಿನ ಕಾಯಿದೆಯನ್ನು ಅಲ್ಲಿನ ನ್ಯಾಯಾಲಯ 2014ರಲ್ಲಿ ರದ್ದು ಮಾಡಿತು.

ನಮ್ಮಲ್ಲಿ 2021ರ ಡಿಸೆಂಬರಿನಲ್ಲಿ, ಫೋನ್ ಕಂಪೆನಿಗಳು ಕರೆಗಳ ದಾಖಲೆಯನ್ನು ಒಂದು ವರ್ಷ ಇಡಬೇಕೆಂದಿದ್ದುದು ಎರಡಾಯಿತು. ಸಂಸತ್ತಿನಲ್ಲಿ ಚರ್ಚೆಯಾಗಿ ಅಲ್ಲ, ಲೈಸೆನ್ಸಿನ ಷರತ್ತನ್ನು ತಿದ್ದಿ. ಅದರಲ್ಲಿ ಎರಡು ವರ್ಷವೆಂಬುದೂ ಕನಿಷ್ಠ ಅವಧಿ.