ಆನೆಯ ಹಿಂದೆ ನಡೆದ ಪಂಡಿತ

ಸುಮಿತ್ರಾ ಭಾವೆ ಹಾಗೂ ಸುನೀಲ ಸುಕಥನಕರ ನಿರ್ದೇಶಿಸಿದ ‘ಅಸ್ತು’ (2013) ಎಂಬ ಮರಾಠಿ ಚಿತ್ರದಲ್ಲಿ, ಮರೆವಿನ ರೋಗಕ್ಕೊಳಗಾದ ಸಂಸ್ಕೃತ ಪಂಡಿತ ಚಕ್ರಪಾಣಿ ಶಾಸ್ತ್ರಿ ಮಗಳ ಕಣ್ತಪ್ಪಿಸಿ, ಬೀದಿಯ ಆನೆಯೊಂದರ ಹಿಂದೆ ನಡೆದುಬಿಡುತ್ತಾನೆ. ನೋಟ ಕನಸಿನಂತಿದೆ, ನಗೆಯೂ ಬರುತ್ತದೆ. ಸ್ವತಃ ಮನೋವೈದ್ಯರಾದ ಮೋಹನ ಆಗಾಶೆ ನಗಿಸಲು ಯತ್ನಿಸದಿರುವುದರಿಂದಲೇ ಆ ನಗೆ ಗಂಟಲಲ್ಲಿ ಸಿಲುಕುತ್ತದೆ.

ಪುಣೆಯ ಕನ್ನಡಿಗರಿಗೆ ಈ ಚಿತ್ರದಲ್ಲಿ ವಿಶೇಷ ಆಸ್ಥೆಯಿರಲು ಕಾರಣ ಮಾವುತನ ಹೆಂಡತಿ ಚನ್ನಮ್ಮ. ಕನ್ನಡ ಬೆರೆತ ಮಾತಿನ ಈ ಬಡ ಹೆಂಗಸಿನಲ್ಲಿ ವೃದ್ಧನು ತಾಯಿಯನ್ನೇ ಕಾಣುತ್ತಾನೆ. ವ್ಯಾಕರಣವೆಲ್ಲ ಅಳಿದ ಮೇಲೆ ಉಳಿಯುವ ಭಾಷೆ ಅದು. ಅಮೃತಾ ಸುಭಾಷರಿಗೆ ಈ ಪಾತ್ರಕ್ಕಾಗಿ ರಾಷ್ಟ್ರಪ್ರಶಸ್ತಿ ಸಂದದ್ದು ಯೋಗ್ಯವೇ ಸರಿ.

ಆದರೂ ಒಂದು ಆಕ್ಷೇಪಕ್ಕೆ ಎಡೆಯುಂಟು. ಚನ್ನಮ್ಮ ಆತನ ಪಾಂಡಿತ್ಯವನ್ನು ಕಂಡವಳಲ್ಲ. ಕಳೆದುದರ ದುಃಖ ಅವಳಿಗಿಲ್ಲ. ಮಗಳು ಇರಾ ಮಾತ್ರ ದಿನದಿನವೂ ಒಬ್ಬ ತಂದೆಯನ್ನು ಕಳೆದುಕೊಳ್ಳುತ್ತ, ಅವನ ದೇಹದಲ್ಲಿಯೇ ಉಳಿದ ಅಪರಿಚಿತನನ್ನು ಸಾಕಬೇಕು. ಒಂದು ಹಗಲಿನ ವಾತ್ಸಲ್ಯವನ್ನು ಬಹುಕಾಲದ ಶುಶ್ರೂಷೆಯೊಡನೆ ಇಟ್ಟು ತೂಗಿದರೆ ತಕ್ಕಡಿ ಯಾವ ಕಡೆಗೆ ವಾಲಬೇಕು? ಚಿತ್ರವು ಚನ್ನಮ್ಮನ ಕಡೆಗೆ ತುಸು ಹೆಚ್ಚಾಗಿಯೇ ವಾಲಿದೆ. ಆನೆಯ ಬಳಿಯ ಆ ಮಡಿಲಿಗೆ ಒಲಿದಷ್ಟು ಬೇಗನೆ ಪ್ರೇಕ್ಷಕನ ಕರುಣೆಯು ಇರಾವತಿ ಹರ್ಷೆಯವರ ದಣಿದ ಮುಖದತ್ತ ಹರಿಯುವುದಿಲ್ಲ.