ಹಡಗಿನ ಮೇಲೆ ಹುಟ್ಟಿದ ಹಾಡು

ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಟ್ಯಾಗೋರರ ಹೆಸರಿದ್ದರೂ ಅಲ್ಲಿ ನೆನೆಯಲಾಗುವುದು ಬಹುಮಟ್ಟಿಗೆ ಕವಿಯನ್ನೇ ಹೊರತು ವಾಗ್ಗೇಯಕಾರನನ್ನಲ್ಲ, ಅಂದರೆ ಸಾಹಿತ್ಯವನ್ನೂ ಅದರ ಧಾಟಿಯನ್ನೂ ತಾನೇ ಕಟ್ಟುವ ಸಂಗೀತಗಾರನನ್ನಲ್ಲ. 1883ರಲ್ಲಿ, 22ರ ಹರೆಯದಲ್ಲಿ ಅವರು ಇಲ್ಲಿಗೆ ಬಂದಾಗ, ಐ.ಸಿ.ಎಸ್.ಗೆ ಆಯ್ಕೆಯಾದ ಮೊದಲ ಭಾರತೀಯರಾದ ಅಣ್ಣ ಸತ್ಯೇಂದ್ರನಾಥರು ಮುಂಬಯಿ ಪ್ರಾಂತದ ದಕ್ಷಿಣದಂಚಿನ ಈ ಜಿಲ್ಲೆಯ ನ್ಯಾಯಾಧೀಶರಾಗಿದ್ದರು.

ಗಾಳಿಮರಗಳ ಅಂಚಿರುವ ಅರ್ಧಚಂದ್ರಾಕಾರದ ದಂಡೆ, ಬೆಳದಿಂಗಳಲ್ಲಿ ಸಣ್ಣ ದೋಣಿಯೇರಿ ಕಾಳಿ ನದಿಯಲ್ಲಿ ಮೇಲಕ್ಕೆ ಸಾಗಿದ್ದು, ಹಳೆಯ ಕೋಟೆಯ ಬಳಿ ಇಳಿದು ರೈತನೊಬ್ಬನ ಸಾರಿಸಿದ ಅಂಗಳದಲ್ಲಿ ಉಂಡದ್ದು, ಅಳಿವೆಯಿಂದ ಮರಳ ಮೇಲೆ ನಡೆದೇ ಮನೆಗೆ ಮರಳಿದ್ದು, ಇವೆಲ್ಲ 1912ರಲ್ಲಿ ಪುಸ್ತಕವಾದ 'ಜೀವನಸ್ಮೃತಿ'ಯ ಕಾರವಾರದ ಅಧ್ಯಾಯದಲ್ಲಿವೆ. ಮಮತೆಯನ್ನು ತೊರೆದು ಪ್ರಕೃತಿಯನ್ನು ಗೆದ್ದೆನೆಂದುಕೊಂಡ ಸನ್ಯಾಸಿಯನ್ನು ಸಮಾಜ ದೂರವಿಟ್ಟ ಹುಡುಗಿಯೊಬ್ಬಳ ಪ್ರೀತಿ ಮತ್ತೆ ಲೋಕಕ್ಕೆ ಎಳೆಯುವ ಕಥೆಯ 'ಪ್ರಕೃತಿರ್ ಪ್ರತಿಶೋಧ್' ನಾಟಕವೂ ಇಲ್ಲಿಯೇ ರಚಿತವಾಗಿ 1884ರಲ್ಲಿ ಅಚ್ಚಾಯಿತು.

ಸಂಗೀತರಸಿಕರಿಗೆ ನಾಟಕಕ್ಕಿಂತ ಮುಖ್ಯವಾದುದು ಅದರ ಹಾಡುಗಳು. ಜೋಡಾಸಾಂಕೋ ಮನೆಯಲ್ಲಿ ಅಣ್ಣ ಜ್ಯೋತಿರಿಂದ್ರನಾಥರು ಪಿಯಾನೋದಲ್ಲಿ ಧಾಟಿ ನುಡಿಸಿದರೆ ಅದಕ್ಕೆ ಮಾತು ಹೊಂದಿಸುವುದು ತಮ್ಮನ ಕೆಲಸವಾಗಿತ್ತು. ಕಾರವಾರದಿಂದ ಮರಳುವಾಗಲಾದರೋ, ಹಡಗಿನ ಮೇಲಟ್ಟದಲ್ಲಿ ಕುಳಿತು, ಕೃಷ್ಣನನ್ನು ತಮ್ಮೊಡನೆ ಕಳುಹಿಸೆಂದು ಗೋಪಬಾಲರು ಯಶೋದೆಯನ್ನು ಕೇಳುವ ಹಾಡನ್ನು ಅವರು ಹಾಡುತ್ತಲೇ ಕಟ್ಟಿದರು. ಮಾತು ಮತ್ತು ಧಾಟಿ ಒಂದೇ ಉಸಿರಿನಲ್ಲಿ ಬಂದವು. ಮುಂದೆ ರವೀಂದ್ರಸಂಗೀತದ ಲಕ್ಷಣವೆನಿಸಿದ ಗುಣ ಇದೇ ಆದುದರಿಂದ, ಕಾರವಾರದ ಹೆಮ್ಮೆಗೆ ನಾಟಕಕ್ಕಿಂತ ಈ ಹಾಡೇ ಗಟ್ಟಿ ಆಧಾರ.

ಕನ್ನಡದೊಡನೆ ಇನ್ನೂ ಹತ್ತಿರದ ನಂಟೊಂದಿದೆ. ಬೇರೆ ಭಾಷೆಯ ಹಾಡಿನ ಧಾಟಿಯನ್ನು ಉಳಿಸಿಕೊಂಡು ಹೊಸ ಸಾಹಿತ್ಯ ಕೂಡಿಸಿದ ರಚನೆಗಳನ್ನು ಬಂಗಾಳಿಗಳು 'ಭಾಂಗಾ ಗಾನ್' ಎನ್ನುತ್ತಾರೆ. ಅಂಥವುಗಳಲ್ಲಿ 'ಬೊರೊ ಆಶಾ ಕೊರೆ' ಎಂಬುದರ ಮೂಲ 'ಸಖಿ ಬಾ ಬಾ' ಎಂಬ ಕನ್ನಡ ಹಾಡು. ಶೃಂಗಾರದ ಕರೆ ಅಲ್ಲಿ ಭಕ್ತನ ಮೊರೆಯಾಗಿದೆ. ಧಾಟಿ ಆ ಭಾರವನ್ನು ಸಲೀಸಾಗಿ ಹೊರುತ್ತದೆ.

ವಿಶ್ವಭಾರತಿ ಪ್ರಕಟಿಸಿದ 'ಸ್ವರಬಿತಾನ್' ಸಂಪುಟಗಳಲ್ಲಿ ರವೀಂದ್ರರ ಹಾಡುಗಳ ಸ್ವರಲಿಪಿ ದೊರೆಯುವುದರಿಂದ, ಕಾರವಾರ, ಅಂಕೋಲೆಗಳ ಸಂಗೀತ ಶಿಕ್ಷಕರು ದಾಸರ ಪದಗಳ ಜೊತೆಗೆ ಇವನ್ನೂ ಮಕ್ಕಳಿಗೆ ಕಲಿಸಬೇಕು.