ಸೀಮೆಯ ನುಡಿ, ಬಾಲ್ಯಸ್ಮೃತಿ ಮತ್ತು ಕಲೆ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಹಾಗೂ ಚಿಂಚೋಳಿ ಪರಿಸರದ ಆಡುಮಾತು ಸಾಹಿತ್ಯ ಕೃತಿಗಳಲ್ಲಿ ಬಂದಾಗಲೆಲ್ಲ ನಮ್ಮ ವಿಮರ್ಶೆ ಅದನ್ನು ‘ಪ್ರಾದೇಶಿಕ ಸೊಗಡು’ ಎಂದು ಮೆಚ್ಚಿ ಮುಂದೆ ಸಾಗುತ್ತದೆ. ಸೊಗಡನ್ನು ತೆಗೆದರೂ ಅರ್ಥ ಉಳಿಯುತ್ತದೆಂಬ ಗ್ರಹಿಕೆ ಈ ಮೆಚ್ಚುಗೆಯ ಹಿಂದಿದೆ. ಬಾಲ್ಯದ ನೆನಪು ಮತ್ತು ಜನಪದ ಕಲೆಗಳನ್ನು ಕುರಿತ ಬರಹಗಳ ಮಟ್ಟಿಗಾದರೂ ಈ ಗ್ರಹಿಕೆ ಸಲ್ಲದು ಎಂಬುದು ಪ್ರಸ್ತುತ ಲೇಖನದ ನಿಲುವು.

ಸಮಸ್ಯೆ ಹಳೆಯದು. ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಆ ಆಸ್ಥಾನದಲ್ಲಿ ರೂಪುಗೊಂಡ ‘ಕವಿರಾಜಮಾರ್ಗ’ವು ದೇಸಿಗಳು ಹಲವೆಂದು ಒಪ್ಪಿಯೂ ತಿರುಳ್ಗನ್ನಡದ ನೆಲೆಯನ್ನು ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳ ನಡುವೆ ಗುರುತಿಸಿತು. ರಾಜಧಾನಿಯ ನುಡಿಯೇ ತಿರುಳಿನ ಹೊರಗುಳಿಯಿತು. ಮುಂದೆ ಹೈದರಾಬಾದ್ ಸಂಸ್ಥಾನದಲ್ಲಿ 1948ರವರೆಗೆ ಉರ್ದು, 1956ರ ಏಕೀಕರಣದ ಬಳಿಕ ಶಿಷ್ಟ ಪಠ್ಯಗನ್ನಡ ಮೇಲುಗೈ ಪಡೆದವು. ‘ಸಾಲಿ’ಗೆ ಹೋದ ಮಗು ‘ಶಾಲೆ’ ಎಂದು ಬರೆಯಲು ಕಲಿಯಿತು.

ಈ ಅಂತರದ ಪರಿಣಾಮವನ್ನು ಕೆಲವು ಶಬ್ದಗಳಲ್ಲಿಯೇ ಪರಿಶೀಲಿಸಬಹುದು. ಮೊಹರಮ್ಮಿನ ‘ಅಲಾಯಿ ಕುಣಿ’ಯನ್ನು ‘ಅಗ್ನಿಕುಂಡ’ವೆಂದು ಬರೆದ ಕೂಡಲೇ ಹಿಂದೂ ಮುಸಲ್ಮಾನ ಮಕ್ಕಳು ಕೂಡಿಯೇ ಹೆಜ್ಜೆ ಹಾಕುತ್ತಿದ್ದ ಅಂಗಳ ಮರೆಯಾಗಿ ಯಜ್ಞಶಾಲೆ ಕಣ್ಣೆದುರು ನಿಲ್ಲುತ್ತದೆ. ಶಹಾಬಾದಿನ ‘ಫರ್ಸಿ’ಯನ್ನು ‘ಹಾಸುಗಲ್ಲು’ ಎಂದರೆ ಕಲ್ಲು ಉಳಿದೀತು. ಬ್ಯಾಸಗಿಯ ಮಧ್ಯಾಹ್ನ ಅದರ ಮೇಲೆ ಮಲಗಿದ ಮೈಯ ತಂಪು ಉಳಿಯದು. ಶಿಷ್ಟ ಬರಹದಲ್ಲಿ ಬಹುಮಟ್ಟಿಗೆ ಶಬ್ದ ಎಂಬರ್ಥದ ‘ಪದ’ ಇಲ್ಲಿಯ ಬಾಯಲ್ಲಿ ಹಾಡು. ಅದನ್ನು ‘ಗೀತೆ’ಯೆಂದು ತಿದ್ದಿದರೆ ಮಾತು ಮತ್ತು ಹಾಡು ಒಂದೇ ಆಗಿದ್ದ ಲೋಕದೃಷ್ಟಿಯೇ ಕಳಚಿಹೋಗುತ್ತದೆ.

ಚಿತ್ತಾಪುರ ಸೀಮೆಯ ಶಂಕರವಾಡಿಯ ಚೆನ್ನಣ್ಣ ವಾಲೀಕಾರರು ತಮ್ಮ ಸಂಕಲನಕ್ಕೆ ‘ಕರಿತೆಲಿ ಮಾನವನ ಜೀಪದ’ ಎಂದು ಹೆಸರಿಟ್ಟಾಗ ‘ತಲೆ’ಯನ್ನು ‘ತೆಲಿ’ಯಾಗಿಯೇ, ‘ಪದ’ವನ್ನು ಹಾಡಾಗಿಯೇ ಮುಖಪುಟಕ್ಕೆ ತಂದರು. ಗೀತಾ ನಾಗಭೂಷಣರ ‘ಬದುಕು’ ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಾಗ ಕಲಬುರಗಿಯ ಆಡುನುಡಿಗೆ ಮನ್ನಣೆ ದೊರೆಯಿತು. ಆದರೆ ಮನ್ನಣೆಯೊಡನೆ ಅನುಕರಣೆಯೂ ಬರುತ್ತದೆ. ‘ಹಂಗ’, ‘ಹಿಂಗ’ಗಳನ್ನು ಸಂಭಾಷಣೆಯಲ್ಲಿ ಉದುರಿಸಿ, ನಿರೂಪಣೆಯನ್ನು ಪಠ್ಯಗನ್ನಡಕ್ಕೆ ಒಪ್ಪಿಸಿದ ಬರಹದಲ್ಲಿ ಪಾತ್ರಗಳು ಮಾತನಾಡುತ್ತವೆಯೇ ಹೊರತು ನೆನಪು ಮಾತನಾಡುವುದಿಲ್ಲ. ನಿರೂಪಕನೂ ಆ ನುಡಿಯಲ್ಲಿಯೇ ಯೋಚಿಸುತ್ತಿದ್ದಾನೆಯೇ ಎಂಬುದು ನಿಜವಾದ ಒರೆಗಲ್ಲು.

ಸ್ಕಾಟ್ಲೆಂಡಿನ ಹ್ಯೂ ಮ್ಯಾಕ್‌ಡೈರ್ಮಿಡ್ 1920ರ ದಶಕದಲ್ಲಿ ಸ್ಕಾಟ್ಸ್ ನುಡಿಯಲ್ಲಿ ಕಾವ್ಯ ರಚಿಸುವಾಗ, ಬಳಕೆ ತಪ್ಪಿದ ಅನೇಕ ಶಬ್ದಗಳನ್ನು 1808ರ ಜೇಮಿಸನ್ ನಿಘಂಟಿನಿಂದ ಎತ್ತಿಕೊಳ್ಳಬೇಕಾಯಿತು. ನಮ್ಮ ಸೀಮೆಯಲ್ಲಿ ಇಂಥ ಶಬ್ದಗಳು ಇನ್ನೂ ಹಿರಿಯರ ನಾಲಗೆಯ ಮೇಲಿವೆ. ಸೇಡಂ, ಚಿಂಚೋಳಿಗಳಲ್ಲಿ ತೆಲುಗಿನ, ವಾಡಿ, ಶಹಾಬಾದಗಳಲ್ಲಿ ದಖನಿಯ ನೆರೆಯಲ್ಲಿ ಅವು ಪಡೆದ ಬಣ್ಣಗಳನ್ನು ಊರುವಾರು ದಾಖಲಿಸುವ ಕಾರ್ಯ ನಡೆಯಬೇಕು. ಶಬ್ದದ ಎದುರು ಶಿಷ್ಟ ಪರ್ಯಾಯವೊಂದನ್ನು ಬರೆದರೆ ಸಾಲದು. ಅದನ್ನು ಯಾರು, ಯಾವ ಕೆಲಸದ ನಡುವೆ, ಯಾವ ಹಾಡಿನೊಳಗೆ ಬಳಸಿದರೆಂಬ ವಿವರವೂ ಜೊತೆಗಿರಬೇಕು. ಆಗ ಮಾತ್ರ ಅಂಥ ಕೋಶ ಮುಂದಿನ ಲೇಖಕನಿಗೂ ವಿಮರ್ಶಕನಿಗೂ ಆಕರವಾದೀತು.